ಅಪ್‌ಡೇಟ್: 32 ಸೆಕೆಂಡಿಗೆ ಕಟ್ ಆಗ್ತಿದ್ದ ಕಾಲ್ ಸರಿ ಹೋಯ್ತು

ಹೋದ ವಾರ ಕೇಳಿದ್ನಲ್ಲ, ಚಿಕ್ಕಮಗಳೂರಲ್ಲಿ ನಮ್ಮ ಹೋಮ್‌ಸ್ಟೇಗೆ ಹಳೇ ಪಿಸಿ ಮೇಲೆ ಆಸ್ಟರಿಸ್ಕ್ (ಪಿಸಿಯನ್ನೇ ಫೋನ್ ಎಕ್ಸ್‌ಚೇಂಜ್ ಮಾಡೋ ಸಾಫ್ಟ್‌ವೇರ್) ಹಾಕಿ ಇಂಟರ್ನೆಟ್ ಕಾಲಿಂಗ್ ಕಂಪನಿಯ ಸಿಪ್ ಟ್ರಂಕ್ (ಇಂಟರ್ನೆಟ್ ಮೇಲೆ ಬರೋ ಫೋನ್ ಲೈನ್) ಕೊಟ್ಟಿದೀನಿ, ರಿಜಿಸ್ಟರ್ ಆಗುತ್ತೆ, ರಿಂಗೂ ಬರುತ್ತೆ, ಆದ್ರೆ ಗೆಸ್ಟ್ ಮಾತು ನಮಗೆ ಕೇಳಲ್ಲ, ಸರಿಯಾಗಿ 32 ಸೆಕೆಂಡಿಗೆ ಕಟ್ ಅಂತ. ಅದರ ಕಾರಣ ಸಿಕ್ತು.

ರೂಟರಲ್ಲಿ ಸಿಪ್ ಎಎಲ್‌ಜಿ (ಕಾಲ್ ಸಂದೇಶಗಳನ್ನ ರೂಟರೇ ತಿದ್ದೋ ಸೌಲಭ್ಯ) ಆಫ್ ಮಾಡಿ ಅಂತ ಇಲ್ಲಿ ಅಂದ್ರಲ್ಲ, ಮಾಡ್ದೆ, ಅದೊಂದೇ ಸಾಲ್ಲಿಲ್ಲ. ಆಮೇಲೆ ಆಸ್ಟರಿಸ್ಕಲ್ಲಿ ಪಿಜೆಸಿಪ್ ಲಾಗರ್ (ಹೋಗಿ ಬರೋ ಕಾಲ್ ಸಂದೇಶಗಳನ್ನ ತೋರಿಸೋದು) ಆನ್ ಮಾಡಿ ನಮ್ಮ ಅತ್ತಿಗೆ ಮೊಬೈಲಿಂದ ಕಾಲ್ ಮಾಡ್ಸಿ ನೋಡ್ತೀನಿ, ನಮ್ಮ ಕಡೆಯಿಂದ ಹೋಗೋ 200 ಓಕೆ (ಕಾಲ್ ಎತ್ತಿದೀವಿ ಅನ್ನೋ ಸಂದೇಶ) ಒಳಗೆ 192.168.1.20 ಅಂತ, ಹೊರಗಿಂದ ತಲುಪೋಕಾಗದ ಮನೆ ಒಳಗಿನ ಐಪಿನೇ ಕೂತಿದೆ! ಪಾಪ ಕಂಪನಿ ಸರ್ವರ್ ಆಡಿಯೋನೂ ಎಸಿಕೆನೂ (200 ಓಕೆ ಸಿಕ್ತು ಅನ್ನೋ ಉತ್ತರ) ಆ ಅಡ್ರೆಸ್ಸಿಗೇ ಕಳಿಸ್ತಾ ಇತ್ತು, ಇಲ್ಲಿ ಎಸಿಕೆಗೆ ಕಾದು ಕಾದು 32 ಸೆಕೆಂಡಿಗೆ ಆಸ್ಟರಿಸ್ಕೇ ಕಾಲ್ ಕಟ್ ಮಾಡ್ತಿತ್ತು. ನಾನು ಸುಮ್ನೆ ಕಂಪನಿಯವರಿಗೆ ಬೈದೆ.

ಆಸ್ಟರಿಸ್ಕ್ ಸೆಟ್ಟಿಂಗಿನ ಟ್ರಾನ್ಸ್‌ಪೋರ್ಟ್ ಸೆಕ್ಷನ್ನಲ್ಲಿ ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್, ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್ ಎರಡಕ್ಕೂ ನಮ್ಮ ಸ್ಟ್ಯಾಟಿಕ್ ಐಪಿ (ಹೊರಗಿನವರಿಗೆ ಕಾಣೋ, ಬದಲಾಗದ ಅಡ್ರೆಸ್), ಲೋಕಲ್ ನೆಟ್‌ಗೆ 192.168.1.0/24 (ಮನೆ ಒಳಗಿನ ಅಡ್ರೆಸ್‌ಗಳೆಲ್ಲಾ) ಹಾಕ್ದೆ. ರೂಟರಲ್ಲಿ ಆಡಿಯೋ ಬರೋ ಯುಡಿಪಿ ಪೋರ್ಟ್ 10000ದಿಂದ 20000 ಆ ಪಿಸಿಗೆ ಫಾರ್ವರ್ಡ್, ಕಾಲ್ ಸಂದೇಶ ಬರೋ ಪೋರ್ಟ್ 5060 ಮಾತ್ರ ಕಂಪನಿ ಐಪಿಗಷ್ಟೇ ಬಿಟ್ಟಿದೀನಿ, ಎಲ್ರಿಗೂ ತೆಗೆದಿಟ್ರೆ ರಾತ್ರಿಯೆಲ್ಲಾ ಪಾಸ್‌ವರ್ಡ್ ಹುಡುಕೋ ಬಾಟ್‌ಗಳು ಬರ್ತವೆ. ಇಷ್ಟೆಲ್ಲಾ ಮಾಡಿ ರೀಲೋಡ್ ಕೊಟ್ರೆ ಏನೂ ಬದಲಾಗ್ಲಿಲ್ಲ, ಒಂದು ಗಂಟೆ ತಲೆ ಕೆಡಿಸ್ಕೊಂಡೆ. ಟ್ರಾನ್ಸ್‌ಪೋರ್ಟ್ ಬದಲಾಯಿಸಿದ್ರೆ ಆಸ್ಟರಿಸ್ಕ್ ಪೂರ್ತಿ ರೀಸ್ಟಾರ್ಟ್ ಮಾಡ್ಬೇಕಂತೆ ಮಾರಾಯ್ರೆ.

ನಿನ್ನೆ ಒಬ್ರು ಮುಳ್ಳಯ್ಯನಗಿರಿಗೆ ಜೀಪ್ ಸಿಗುತ್ತಾ ಅಂತ ಹನ್ನೊಂದು ನಿಮಿಷ ಮಾತಾಡಿದ್ರು, ಕಟ್ ಆಗ್ಲಿಲ್ಲ. ಬುಕಿಂಗ್ ಮಾತ್ರ ಮಾಡ್ಲಿಲ್ಲ.