ಬೆಂಗಳೂರಲ್ಲಿ ಎಲ್ಲಿಗೆ ಹೋಗೋಕೂ ಮೆಜೆಸ್ಟಿಕ್‌ಗೆ ಹೋಗಲೇಬೇಕಾ?

ಹುಬ್ಬಳ್ಳಿಯಿಂದ:
ಎಲ್ಲರಿಗೂ ನಮಸ್ಕಾರ. ಹೊಸ ಕೆಲಸ ಸಿಕ್ಕಿ ಬನಶಂಕರಿಯಲ್ಲಿ ರೂಮ್ ಮಾಡಿದ್ದೇನೆ, ಆಫೀಸ್ ಇರೋದು ಬೆಳ್ಳಂದೂರಿನಲ್ಲಿ. ಯಾರನ್ನು ಕೇಳಿದರೂ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ಎಲ್ಲಾ ಕಡೆಗೂ ಬಸ್ ಸಿಗುತ್ತೆ ಅಂತಾರೆ. ಮ್ಯಾಪ್ ನೋಡಿದರೆ ಮೆಜೆಸ್ಟಿಕ್ ಬೇರೆಯೇ ದಿಕ್ಕಿನಲ್ಲಿದೆ. ನೇರ ಬಸ್ ಇಲ್ಲವಾ?

ಇನ್ನೊಂದು ವಿಷಯ. ನಮ್ಮೂರಲ್ಲಿ ಚಿಗರಿ ಬಸ್ ಅಂದರೆ ಸರ್ಕಾರದ್ದು, ಬೇಂದ್ರೆ ಬಸ್ ಅಂದರೆ ಖಾಸಗಿ, ದೂರದಿಂದಲೇ ಗೊತ್ತಾಗುತ್ತಿತ್ತು. ಇಲ್ಲಿ ಎಲೆಕ್ಟ್ರಿಕ್ ಬಸ್ ಡ್ರೈವರ್‌ಗಳು ಯಾವುದೋ ಕಂಪನಿಯವರಂತೆ. ಹಾಗಾದರೆ ಅದರಲ್ಲಿ ಪಾಸ್ ನಡೆಯುತ್ತಾ? ಮುಂದಿನ ತಿಂಗಳು ಅವ್ವ ಬರ್ತಿದ್ದಾಳೆ, ಅವಳನ್ನು ಹೊಸಕೋಟೆಯ ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋಗಬೇಕು. ಶಕ್ತಿ ಯೋಜನೆ ಆ ಬಸ್ಸಿಗೂ ಇದೆಯಾ?

ರಿಂಗ್ ರೋಡ್ ಪ್ರಯಾಣಿಕ:
ಮೆಜೆಸ್ಟಿಕ್ ಬೇಡವೇ ಬೇಡ. ನಂಬರ್ 500 ಅಂತ ಶುರುವಾದರೆ ಅದು ಔಟರ್ ರಿಂಗ್ ರೋಡ್ ಬಸ್ ಅಂತ ತಿಳ್ಕೊಳ್ಳಿ. ಬನಶಂಕರಿಯಲ್ಲಿ 500-ಸಿಎ ಹತ್ತಿದರೆ ಬಿಟಿಎಂ, ಸಿಲ್ಕ್ ಬೋರ್ಡ್, ಅಗರ, ಇಬ್ಬಲೂರು ದಾಟಿ ಬೆಳ್ಳಂದೂರಿಗೇ ಬರುತ್ತೀರಿ. ಅದಕ್ಕೆ ಕಾಯೋದು ಜಾಸ್ತಿ ಆಯ್ತು ಅನ್ನಿಸಿದರೆ ಸಿಲ್ಕ್ ಬೋರ್ಡ್‌ವರೆಗೆ ಯಾವ ಬಸ್ಸಾದರೂ ಸರಿ, ಅಲ್ಲಿಂದ ಹೆಬ್ಬಾಳಕ್ಕೆ ಹೋಗುವ 500-ಡಿ ಹಿಡಿಯಿರಿ.

ಉಳಿದ ನಂಬರ್‌ಗಳಿಗೂ ಒಂದು ಲೆಕ್ಕ ಇದೆ. 226 ಮೈಸೂರು ರಸ್ತೆಯಲ್ಲಿ ಬಿಡದಿ ಕಡೆಗೆ, 258 ನೆಲಮಂಗಲ, 317 ಹೊಸಕೋಟೆ, 335 ಸರಣಿ ವರ್ತೂರು–ಕಾಡುಗೋಡಿ ಕಡೆಗೆ, 342 ಸರ್ಜಾಪುರ, 356 ಹೊಸೂರು ರಸ್ತೆ, 365 ಬನ್ನೇರುಘಟ್ಟ. ಇವೆಲ್ಲ ಹೆಚ್ಚಾಗಿ ಮೆಜೆಸ್ಟಿಕ್ ಅಥವಾ ಕೆ.ಆರ್. ಮಾರ್ಕೆಟ್‌ನಿಂದ ಹೊರಗೆ ಹೋಗೋವು, ಬಂಡಿ ಚಕ್ರದ ಕಡ್ಡಿಗಳ ಹಾಗೆ. 500 ಈ ಕಡ್ಡಿಗಳನ್ನೆಲ್ಲ ಹಾದು ಸುತ್ತ ಓಡುತ್ತೆ. ಇಷ್ಟು ತಲೆಯಲ್ಲಿದ್ದರೆ ಅರ್ಧ ಊರು ಗೊತ್ತಾದ ಹಾಗೆ.

ಹಳೇ ಜಯನಗರ:
ಎಲ್ಲರೂ ಮೆಜೆಸ್ಟಿಕ್ ಅನ್ನೋದಕ್ಕೂ ಕಾರಣ ಇದೆ. ನಮ್ಮ ಮನೆಯ ದೊಡ್ಡವರು ಸಿಟಿ ಬಸ್ಸನ್ನು ಈಗಲೂ ಬಿಟಿಎಸ್ (ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್) ಬಸ್ ಅಂತಲೇ ಹೇಳುತ್ತಾರೆ. 1940ರಲ್ಲಿ ಖಾಸಗಿ ಕಂಪನಿಯಾಗಿ ಶುರುವಾಗಿದ್ದನ್ನು 1956ರಲ್ಲಿ ಸರ್ಕಾರ ತಗೊಂಡಿತು, 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಬಿಎಂಟಿಸಿ ಆಯಿತು. ಬಿಟಿಎಸ್ ಕಾಲದಲ್ಲಿ ಊರು ಅಂದರೆ ಮೆಜೆಸ್ಟಿಕ್, ಮಾರ್ಕೆಟ್, ಶಿವಾಜಿನಗರ. ರೂಟ್‌ಗಳೂ ಅಲ್ಲಿಂದಲೇ. ರಿಂಗ್ ರೋಡ್ ಆಮೇಲೆ ಬಂತು, ಜನರ ಬಾಯಲ್ಲಿ ಮೆಜೆಸ್ಟಿಕ್ ಹಾಗೇ ಉಳಿಯಿತು.

ನಂಬರ್ ಒಂದನ್ನೇ ನೋಡಿ ಹತ್ತಬೇಡಿ ಅಂತ ಮಾತ್ರ ಹೇಳ್ತೀನಿ. ನಂಬರ್ ಆದಮೇಲೆ ಬರುವ ಅಕ್ಷರ ಬದಲಾದರೆ ದಾರಿಯೋ ಕೊನೇ ಸ್ಟಾಪೋ ಬದಲಾಗುತ್ತೆ. ಸಿಲ್ಕ್ ಬೋರ್ಡ್‌ನಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತು "ಅಗರ, ಇಬ್ಬಲೂರು, ಮಾರತ್‌ಹಳ್ಳಿ, ಟಿನ್ ಫ್ಯಾಕ್ಟರಿ" ಅಂತ ಒಂದೇ ಉಸಿರಿನಲ್ಲಿ ಕೂಗುತ್ತಾರೆ, ಅದನ್ನು ಕೇಳಿಸಿಕೊಂಡು ಹತ್ತಿ.

ದಿನಾ ಬಸ್ಸಲ್ಲೇ:
ಎಲೆಕ್ಟ್ರಿಕ್ ಬಸ್ ಬಗ್ಗೆ ನಾನು ಹೇಳ್ತೀನಿ. ಬಸ್ಸು, ಡ್ರೈವರ್, ರಿಪೇರಿ ಎಲ್ಲಾ ಕಂಪನಿಯದು. ಟಾಟಾ, ಸ್ವಿಚ್, ಜೆಬಿಎಂ ಬಸ್‌ಗಳು ಹೀಗೇ ಓಡುತ್ತಿವೆ. ಕಂಡಕ್ಟರ್ ಬಿಎಂಟಿಸಿಯವರು. ರೂಟ್ ಮತ್ತು ಟಿಕೆಟ್ ದರ ಬಿಎಂಟಿಸಿ ಕೈಯಲ್ಲಿ, ಟಿಕೆಟ್ ದುಡ್ಡೂ ಅವರಿಗೇ ಹೋಗುತ್ತೆ. ಕಂಪನಿಗೆ ಓಡಿಸಿದ ಕಿಲೋಮೀಟರ್ ಲೆಕ್ಕದಲ್ಲಿ ಹಣ. ಹಾಗಾಗಿ ಹತ್ತುವವರಿಗೆ ಅದೂ ಬಿಎಂಟಿಸಿ ಬಸ್ಸೇ, ನಾನ್ ಎಸಿ ಆಗಿದ್ದರೆ ಸಾಮಾನ್ಯ ಪಾಸ್ ನಡೆಯುತ್ತೆ. ಡ್ರೈವರ್‌ಗೆ ಮಾತ್ರ ಇದು ಬೇರೆ ಲೋಕ. ಒಂದೇ ರಸ್ತೆ, ಒಂದೇ ಟ್ರಾಫಿಕ್, ಪಕ್ಕದ ಬಸ್ಸಿನವರದು ನಿಗಮದ ಕೆಲಸ, ಇವರದು ಕಂಪನಿ ಕೆಲಸ. ಬಸ್ ಜಾಸ್ತಿ ಆಗಲಿ, ಅದು ಬೇಕೇ ಬೇಕು, ಆದರೆ ಅದನ್ನು ಓಡಿಸುವವರ ಸಂಬಳ, ರಜೆ, ಪಾಳಿ ಬಗ್ಗೆ ನಾವು ಪ್ರಯಾಣಿಕರೂ ಕೇಳಬೇಕಲ್ವಾ?

ಅವ್ವನಿಗೆ ಶಕ್ತಿ ಯೋಜನೆ ಇದೆ. 2023ರ ಜೂನ್ 11ರಿಂದ ಕರ್ನಾಟಕದ ಎಲ್ಲಾ ಹೆಂಗಸರಿಗೂ ಇದೆ. ಕರ್ನಾಟಕದ ವಿಳಾಸ ಇರುವ ಆಧಾರ್ ಕೈಯಲ್ಲಿರಲಿ, ಶೂನ್ಯ ಟಿಕೆಟ್ ಕೇಳಿ ತಗೊಳ್ಳಿ. ನಂಬರಿಗೆ ಮೊದಲು "ವಿ" ಇದ್ದರೆ ವಜ್ರ, ಎಸಿ, ಅದರಲ್ಲಿ ಫ್ರೀ ಇಲ್ಲ. ಏರ್‌ಪೋರ್ಟಿನ "ಕೆಐಎ" ಬಸ್‌ಗಳಲ್ಲೂ ಇಲ್ಲ. "ಎಂಎಫ್" ಅಂದರೆ ಮೆಟ್ರೋ ಫೀಡರ್.

ಹುಬ್ಬಳ್ಳಿಯಿಂದ:
ಭಾಳ ಉಪಕಾರ ಆಯ್ತು. ಹೊಸಕೋಟೆಗೂ ಮೆಜೆಸ್ಟಿಕ್ ತಪ್ಪಿಸಬಹುದಾ? ಅವ್ವನಿಗೆ ಆ ಗದ್ದಲದಲ್ಲಿ ನಡೆಯೋದು ಕಷ್ಟ.

ರಿಂಗ್ ರೋಡ್ ಪ್ರಯಾಣಿಕ:
ತಪ್ಪಿಸಬಹುದು. ಸಿಲ್ಕ್ ಬೋರ್ಡ್‌ನಿಂದ ಅದೇ 500-ಡಿಯಲ್ಲಿ ಟಿನ್ ಫ್ಯಾಕ್ಟರಿವರೆಗೆ ಹೋಗಿ. ಮೆಜೆಸ್ಟಿಕ್‌ನಿಂದ ಬರುವ 317 ಹಳೇ ಮದ್ರಾಸ್ ರಸ್ತೆಯಲ್ಲಿ ಅಲ್ಲೇ ಹಾದು ಹೋಗುತ್ತೆ. ನೀವು 80 ರೂಪಾಯಿಯ ದಿನದ ಪಾಸ್ ತಗೊಂಡರೆ ಹೋಗಿ ಬರೋಕೆ ಸಾಕು. ಕೋಲಾರದ ಕಡೆಯ ಕೆಎಸ್‌ಆರ್‌ಟಿಸಿ ಬಸ್ಸೂ ಸಿಗುತ್ತವೆ, ಸಾಮಾನ್ಯ ಸಾರಿಗೆಯಾದರೆ ಅವ್ವನಿಗೆ ಅಲ್ಲೂ ಫ್ರೀ, ಆದರೆ ನಿಮ್ಮ ಪಾಸ್ ಅದರಲ್ಲಿ ನಡೆಯಲ್ಲ. ಹತ್ತುವ ಮುಂಚೆ ಹೊಸಕೋಟೆಯಲ್ಲಿ ನಿಲ್ಲಿಸ್ತೀರಾ ಅಂತ ಕೇಳಿಬಿಡಿ, ಕೆಲವು ನಾನ್‌ಸ್ಟಾಪ್ ಇರ್ತವೆ.