ಪದ ಬೇಕು (ತುರ್ತು): ಭಾರ ಎತ್ತುವಾಗ ‘ಉಚ್ಛ್ವಾಸ’ವೋ ‘ನಿಶ್ವಾಸ’ವೋ?

ಗಡಿನಾಡಿಗ ಬರೆದದ್ದು:

ಗೆಳೆಯರೇ, ನಾಳೆ ಸಂಜೆಯೊಳಗೆ ಒಂದು ಫಲಕ ಮುದ್ರಣಕ್ಕೆ ಹೋಗಬೇಕು. ಬೆಳಗಾವಿಯ ಒಂದು ಜಿಮ್ಮಿನ ಗೋಡೆಗೆ, ಕನ್ನಡ ಮತ್ತು ಮರಾಠಿ ಎರಡರಲ್ಲೂ. ಹೇಳಬೇಕಾದ್ದು ಇಷ್ಟೇ: ಭಾರ ಎತ್ತುವಾಗ ಗಾಳಿ ಹೊರಗೆ, ಇಳಿಸುವಾಗ ಒಳಗೆ, ನಡುವೆ ಉಸಿರು ತಡೆಯಬಾರದು.

ನಾನು ಬರೆದದ್ದು: ‘ಎತ್ತುವಾಗ ನಿಶ್ವಾಸ, ಇಳಿಸುವಾಗ ಉಚ್ಛ್ವಾಸ.’ ಮರಾಠಿಯವರು ಕೊಟ್ಟದ್ದು: ‘ಉಚಲತಾನಾ ಉಚ್ಛ್ವಾಸ ಸೋಡಾ, ಖಾಲಿ ಆಣತಾನಾ ಶ್ವಾಸ ಘ್ಯಾ’ (ಎತ್ತುವಾಗ ಉಚ್ಛ್ವಾಸ ಬಿಡಿ, ಕೆಳಗಿಳಿಸುವಾಗ ಶ್ವಾಸ ತಗೊಳ್ಳಿ). ಒಂದರ ಕೆಳಗೊಂದು ಇಟ್ಟು ನೋಡಿದಾಗ ಗಾಬರಿಯಾಯಿತು. ನಮ್ಮ ಶಾಲೆಯ ಪುಸ್ತಕದ ಉಚ್ಛ್ವಾಸ ಒಳಗೆ ಎಳೆಯುವುದು, ಅವರದು ಹೊರಗೆ ಬಿಡುವುದು. ಇಲ್ಲಿನ ಹುಡುಗರು ಎರಡನ್ನೂ ಓದುತ್ತಾರೆ. ಯಾರದು ತಪ್ಪು? ‘ಉಸಿರು ಕಟ್ಟಬೇಡಿ’ ಎಂದರೆ ಸರಿಯಾಗುತ್ತದೆಯೇ?

ನಿವೃತ್ತ ಸಂಸ್ಕೃತ ಮೇಷ್ಟ್ರು ಬರೆದದ್ದು:

ತಪ್ಪು ನಮ್ಮದು. ‘ಉತ್’ ಎಂದರೆ ಮೇಲಕ್ಕೆ, ಹೊರಕ್ಕೆ. ಮರಾಠಿಯವರು ಆ ಅರ್ಥವನ್ನು ಉಳಿಸಿಕೊಂಡಿದ್ದಾರೆ. ಇನ್ನು ನಿಶ್ವಾಸ, ನಿಃಶ್ವಾಸ ಬೇರೆ ಬೇರೆ ಶಬ್ದಗಳು: ‘ನಿ’ ಒಳಕ್ಕೆ, ‘ನಿಃ’ ಹೊರಕ್ಕೆ. ಕನ್ನಡದಲ್ಲಿ ವಿಸರ್ಗ ನುಂಗಿದರು, ಎರಡೂ ಒಂದಾದವು, ಅದರ ಜೋಡಿಯಾದ ಉಚ್ಛ್ವಾಸ ಎದುರು ದಿಕ್ಕಿಗೆ ಹೊರಳಿತು ಎಂಬುದು ನನ್ನ ಊಹೆ. ಯೋಗಸೂತ್ರದಲ್ಲಿ ಪತಂಜಲಿ ಹೇಳಿದ್ದು ಶ್ವಾಸ, ಪ್ರಶ್ವಾಸ. ಗೊಂದಲವೇ ಬೇಡ ಎಂದರೆ ಪೂರಕ (ಒಳಗೆಳೆಯುವುದು), ರೇಚಕ (ಹೊರಬಿಡುವುದು), ಕುಂಭಕ (ತಡೆದು ನಿಲ್ಲಿಸುವುದು) ಎಂದು ಬರೆಯಿರಿ. ಎರಡು ಭಾಷೆಗೂ ಹೊಂದುತ್ತದೆ.

ಅಚ್ಚಗನ್ನಡ ಪ್ರಿಯ ಬರೆದದ್ದು:

ಉಸಿರಾಡುವುದನ್ನು ಹೇಳಲಿಕ್ಕೂ ಸಾಲ ಬೇಕೆ? ಛ-ವ-ಆ ಒತ್ತು ಓದುವಷ್ಟರಲ್ಲಿ ಹುಡುಗನ ಉಸಿರೇ ಮುಗಿದಿರುತ್ತದೆ. ಕನ್ನಡದಲ್ಲಿ ಉಸಿರಿಗೆ ‘ಸುಯ್’ ಇದೆ, ನಿಟ್ಟುಸಿರಿಗೆ ಬಿಸುಸುಯ್ ಇದೆ. ‘ಒಳಸುಯ್ಲು, ಹೊರಸುಯ್ಲು’ ಎಂದು ಬರೆಯಿರಿ. ಭತ್ತ ಕುಟ್ಟುವ ಹೆಂಗಸರ ‘ಸುವ್ವಿ’ ಹಾಡು ಕೇಳಿದ್ದೀರಾ? ಒನಕೆ ಇಳಿಯುವಾಗ ಬಾಯಿಂದ ಸುಯ್ ಎಂದು ಗಾಳಿ ಹೊರಡುತ್ತದೆ. ಸುವ್ವಿ ಹುಟ್ಟಿದ್ದೇ ಸುಯ್‌ನಿಂದ ಎಂಬುದು ನನ್ನ ಬಹುದಿನದ ನಂಬಿಕೆ. ಕಸುವು ಹಾಕುವಾಗ ಉಸಿರು ಬಿಡಬೇಕೆಂದು ಒನಕೆ ಹಿಡಿದವರಿಗೆ ಯಾವ ಜಿಮ್ಮೂ ಕಲಿಸಬೇಕಾಗಿರಲಿಲ್ಲ.

ಸಂಸ್ಕೃತ ಮೇಷ್ಟ್ರು ಬರೆದದ್ದು:

ಸುವ್ವಿಗೂ ಸುಯ್‌ಗೂ ಆಧಾರ ಕೊಡಿ. ಇಲ್ಲದಿದ್ದರೆ ಬಿಡಿ. ಉಸಿರು ಎಂಬುದೇ ಉಚ್ಛ್ವಾಸದ ತದ್ಭವ ಎನ್ನುವವರೂ ಇದ್ದಾರೆ.

ಅಚ್ಚಗನ್ನಡ ಪ್ರಿಯ ಬರೆದದ್ದು:

ತಮಿಳಿನ ‘ಉಯಿರ್’ ಕೂಡ ಉಚ್ಛ್ವಾಸದ ತದ್ಭವವೇ? ಉಸಿರ್ ಎಂದರೆ ಹಳಗನ್ನಡದಲ್ಲಿ ನುಡಿಯುವುದೂ ಹೌದು, ‘ಉಸುರಿದನು’ ಎಂದು ಇಂದಿಗೂ ಬರೆಯುತ್ತೇವೆ. ಅದು ದ್ರಾವಿಡದ ಬೇರು. ಈ ಮಾತು ಇಲ್ಲಿಗೆ ಮುಗಿಯಿತು.

ದೇಹದಾರ್ಢ್ಯ ಕಲಿಸುವಾಕೆ ಬರೆದದ್ದು:

ಮುಗಿದಿಲ್ಲ, ಕೇಳಿದವರಿಗೆ ನಾಳೆ ಸಂಜೆ ಫಲಕ ಬೇಕು. ನಾನು ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮೇಷ್ಟ್ರೇ, ‘ರೇಚಕ’ ಅಂದರೆ ನಮ್ಮ ಕಡೆ ಭೇದಿ ಔಷಧಿ. ಕುಂಭಕವೂ ಇದಲ್ಲ. ಅದು ನೆಮ್ಮದಿಯಾಗಿ ಕುಳಿತು ಗಾಳಿ ನಿಲ್ಲಿಸುವುದು. ಇಲ್ಲಿ ಆಗುವುದು ಗಂಟಲು ಮುಚ್ಚಿ, ಹೊಟ್ಟೆ ಬಿಗಿದು, ಮುಚ್ಚಿದ ಬಾಗಿಲಿಗೆ ಒಳಗಿನಿಂದ ಗಾಳಿ ಒತ್ತುವುದು. ವೈದ್ಯರು ಇದಕ್ಕೆ ವಾಲ್ಸಾಲ್ವಾ ಎನ್ನುತ್ತಾರೆ, ಇಟಲಿಯ ಬೊಲೋನ್ಯಾದ ಅಂಗರಚನಾ ತಜ್ಞ ಅಂಟೋನಿಯೋ ವಾಲ್ಸಾಲ್ವಾನ (1666–1723) ಹೆಸರಿನಿಂದ. ಅವನು ಇದನ್ನು ಹೇಳಿದ್ದು ಕಿವಿಯ ಕೀವು ಹೊರಹಾಕಲಿಕ್ಕೆ.

ಪದದ ವಿಷಯ ಯಾಕೆ ಹಗುರವಲ್ಲ ಅಂದರೆ, 1985ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಐವರು ದೇಹದಾರ್ಢ್ಯಪಟುಗಳು ಎರಡೂ ಕಾಲಿನಿಂದ ಭಾರ ಒತ್ತುವಾಗ ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿತ್ತು, ಒಬ್ಬನಲ್ಲಿ 480/350 ದಾಟಿತ್ತು. ಅಷ್ಟಕ್ಕೆ ಏರಿಸುವುದರಲ್ಲಿ ಉಸಿರು ಹಿಡಿಯುವುದರ ಪಾಲೂ ಇದೆ. ಬಿಪಿ ಇರುವ ಐವತ್ತರ ಗಂಡಸು ಫಲಕ ನೋಡಿ ತಲೆಕೆಳಗಾಗಿ ಅರ್ಥಮಾಡಿಕೊಂಡರೆ?

‘ಉಸಿರು ಕಟ್ಟಬೇಡಿ’ ಬೇಡ. ಉಸಿರು ಕಟ್ಟುವುದು ಹೊಗೆಯಲ್ಲಿ, ತಾನಾಗಿಯೇ. ‘ಬಿಗಿಹಿಡಿದು’ ಅಂದರೆ ಕ್ರಿಕೆಟ್ಟಿನ ಕೊನೆಯ ಓವರ್. ನಾನು ಹೇಳುವುದು: ‘ಉಸಿರು ಹಿಡಿದು ತಿಣುಕಬೇಡಿ.’ ಎಲ್ಲರಿಗೂ ಮೈಯಿಂದಲೇ ಗೊತ್ತಿರುವ ಮಾತು.

‘ಎತ್ತುವಾಗ’ ಎಂಬುದೂ ಪೂರ್ತಿ ಸರಿಯಲ್ಲ. ಕಂಬಿಯನ್ನು ಮೇಲಿನಿಂದ ಎದೆಗೆ ಎಳೆಯುವ ವ್ಯಾಯಾಮದಲ್ಲಿ ಬಲ ಬೀಳುವುದು ಇಳಿಸುವಾಗ.

ಧಾರವಾಡದವ ಬರೆದದ್ದು:

ನಮ್ಮ ಗರಡ್ಯಾಗ ಉಸ್ತಾದರು ‘ದಮ್ ಬಿಡು, ದಮ್ ಹಿಡಿ’ ಅಂತಿದ್ರು. ಅದನ್ನ ಹಾಕ್ರಿ, ಮರಾಠಿ ಮಂದಿಗೂ ತಿಳೀತದ.

ಅಚ್ಚಗನ್ನಡ ಪ್ರಿಯ ಬರೆದದ್ದು:

ಪಾರ್ಸಿ ಪದ. ಬೇಡ.

ಧಾರವಾಡದವ ಬರೆದದ್ದು:

ಹಂಗಾರ ಕುಸ್ತಿ, ಪೈಲ್ವಾನ, ಉಸ್ತಾದ, ತಾಲೀಮು ಎಲ್ಲಾ ಹೊರಗ ಹಾಕ್ರಿ. ಮಣ್ಣು ಒಂದ ಉಳೀತದ. ‘ಜಟ್ಟಿ’ ಅಂದೀರಿ, ಅದೂ ಜ್ಯೇಷ್ಠಿಯಿಂದ ಬಂದದ್ದು ಅಂತಾರ. ಮಂದಿ ಬಾಯಾಗ ನೂರಾರು ವರ್ಷ ಇದ್ದ ಮಾತು ಕನ್ನಡ ಅಲ್ಲ ಅನ್ನಾಕ ನಾವು ಯಾರು?

ದೇಹದಾರ್ಢ್ಯ ಕಲಿಸುವಾಕೆ ಬರೆದದ್ದು:

ಅಣ್ಣಾ, ದಮ್ ನನಗೂ ಇಷ್ಟ. ಆದರೆ ‘ಇಳಿಸುವಾಗ ದಮ್ ಎಳೆಯಿರಿ’ ಎಂದು ಗೋಡೆಯ ಮೇಲೆ ಬರೆದರೆ ಬೀಡಿ ಸೇದಿ ಎಂದಂತೆ. ದಮ್ಮು ಅಂದರೆ ಉಬ್ಬಸ ಕೂಡ. ಉಸ್ತಾದರು ಎದುರಿಗೆ ನಿಂತು ಹೇಳಿದರೆ ನಡೆಯುತ್ತದೆ, ಫಲಕದಲ್ಲಿ ನಡೆಯುವುದಿಲ್ಲ.

ಗಡಿನಾಡಿಗ ಬರೆದದ್ದು:

ಎಲ್ಲರಿಗೂ ಋಣಿ. ನಾಮಪದ ಬಿಟ್ಟು ಕ್ರಿಯಾಪದದಲ್ಲೇ ಬರೆದೆ:

‘ಬಲ ಹಾಕುವಾಗ ಉಸಿರು ಬಿಡಿ. ಸಡಿಲಿಸುವಾಗ ಉಸಿರು ತಗೊಳ್ಳಿ. ಉಸಿರು ಹಿಡಿದು ತಿಣುಕಬೇಡಿ.’

‘ಕಸುವು’ ಹಾಕಬೇಕೆಂದಿದ್ದೆ, ಜಿಮ್ಮಿನವರು ಬಲವೇ ಇರಲಿ ಎಂದರು. ಮರಾಠಿಯವರೂ ಉಚ್ಛ್ವಾಸ ತೆಗೆದು ‘ಶ್ವಾಸ ಸೋಡಾ, ಶ್ವಾಸ ಘ್ಯಾ’ ಮಾಡಲು ಒಪ್ಪಿದ್ದಾರೆ. ಒಂದು ಉಳಿದಿದೆ: ಸ್ಪರ್ಧೆಗೆ ತಯಾರಾಗುವವರು ಬೇಕೆಂದೇ ಗಾಳಿ ತುಂಬಿ, ಹೊಟ್ಟೆ ಬಿಗಿದು, ಕಷ್ಟದ ಘಟ್ಟ ದಾಟಿದ ಮೇಲೆ ಬಿಡುತ್ತಾರೆ. ಆ ಬಿಗಿಯುವಿಕೆಗೆ ಪದ ಇನ್ನೂ ಸಿಕ್ಕಿಲ್ಲ. ಅದು ಬೇರೆ ಫಲಕ, ಮುಂದಿನ ವಾರ.

ಅಚ್ಚಗನ್ನಡ ಪ್ರಿಯ ಬರೆದದ್ದು:

‘ಒಡಲ್ಬಿಗಿ.’ ಸುವ್ವಿಗೆ ಆಧಾರ ಹುಡುಕುತ್ತಿದ್ದೇನೆ.