ನಮ್ ರೆಸ್ಟೋರೆಂಟ್‌ಗೆ ಸಣ್ಣ ವೈನರಿಗಳ ವೈನ್ ಇಡಬೇಕಂತ ಅದ, ಆರಿಸೋದು ಹ್ಯಾಂಗ?

ಪುಂಡಿಪಲ್ಯ_ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಕಲಬುರಗಿ ಒಳಗ ನಮ್ದೊಂದು ಸಣ್ಣ ಲಾಡ್ಜ್ ಅದ, ಕೆಳಗ ರೆಸ್ಟೋರೆಂಟ್, 14 ಟೇಬಲ್, ಲೈಸೆನ್ಸ್ ಅಪ್ಪಾಜಿ ಕಾಲದಿಂದ ಅದ. ಅಣ್ಣ ಕೌಂಟರ್ ನೋಡ್ತಾನ, ನಾ ಅಡಗಿಮನಿ ಮತ್ತ ಖರೀದಿ ನೋಡ್ತೀನಿ. ಇತ್ತೀಚ್ಗಿ ಎರಡ್ಮೂರ್ ವರ್ಷದಿಂದ ಫ್ಯಾಮಿಲಿ ಸೆಕ್ಷನ್‌ದಾಗ ವೈನ್ ಕೇಳೋರು ಜಾಸ್ತಿ ಆಗ್ಯಾರ, ಡಾಕ್ಟರ್ ಮಂದಿ, ಯುನಿವರ್ಸಿಟಿಯೋರು, ಪುಣೆ ಹೈದರಾಬಾದ್‌ದಾಗ ನೌಕರಿ ಮಾಡಿ ಹಬ್ಬಕ್ಕ ಊರಿಗಿ ಬರೋ ಹುಡುಗ್ರು. ನಮ್ಮಲ್ಲಿ ಇರೋದು ಒಂದು ಸಿಹಿ ಕೆಂಪು ವೈನ್, ಇನ್ನೊಂದು ಎಲ್ಲಾ ಕಡೀ ಸಿಗೋ ದೊಡ್ಡ ಕಂಪನಿದು. ಅಷ್ಟೇ.

ನನಗ ಆರೇ ಆರು ವೈನ್ ಇಡಬೇಕಂತ ಅದ, ಆದ್ರ ಛಲೋವು ಇರಬೇಕು, ಸ್ವಂತ ತೋಟ ಇರೋ ಸಣ್ಣ ವೈನರಿಗೋಳ್ದು ಆದ್ರ ಇನ್ನೂ ಖುಷಿ, ಯಾಕಂದ್ರ ತೊಗರಿಬ್ಯಾಳಿ, ಜೋಳ, ತರಕಾರಿ ಎಲ್ಲಾ ನಾವು ಗುರ್ತಿರೋ ರೈತರ ಕಡೀಂದನೇ ತಗೋತೀವಿ, ಯಾವ ಹೊಲದ್ದು ಅಂತ ಗಿರಾಕಿಗಿ ಹೇಳ್ತೀನಿ ನಾ, ವೈನಿಗೂ ಹಂಗೇ ಹೇಳೋಹಂಗ ಆಗಬೇಕು. ಅಣ್ಣಂದು ಒಂದೇ ಮಾತು, ರೊಕ್ಕ ಸಿಕ್ಕಿಬೀಳಬಾರ್ದು, ಬಾಟ್ಲಿ ಕಪಾಟದಾಗ ಕುಂತು ಕೆಡಬಾರ್ದು. ಊಟ ನಮ್ದು ಇಲ್ಲಿಂದೇ, ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಮಟನ್, ಆಯಿತವಾರ ತಹರಿ. ಎಲ್ಲಿಂದ ಶುರು ಮಾಡ್ಲಿ?

ಆಳಂದ_ಟು_ಬೆಂಗಳೂರು

ಅಕ್ಕಾರ, ನಾ ಆಳಂದದಾಂವ, ಹನ್ನೊಂದು ವರ್ಷ ಆತು ಬೆಂಗಳೂರು ಹೋಟೆಲ್‌ದಾಗ ಬಾರ್ ಖರೀದಿ ನೋಡ್ಲಕತ್ತು. ನೀವು ಕೇಳಿದ್ದು ಓದಿ ಭಾಳ ಛಲೋ ಅನಿಸ್ತು, ನಮ್ ಕಡೀ ಹಿಂಗ ವಿಚಾರ ಮಾಡೋರು ಬೇಕಾಗ್ಯಾರ.

ಮೊದಲು ರುಚಿ ಬ್ಯಾಡ, ಕಾಗದ ನೋಡ್ರಿ. ಲೈಸೆನ್ಸ್ ಇದ್ದೋರು ಮಾಲ್ ಎತ್ತೋದು ಕೆಎಸ್‌ಬಿಸಿಎಲ್ (ರಾಜ್ಯ ಸರ್ಕಾರದ ಮದ್ಯ ಸರಬರಾಜು ನಿಗಮ) ಡಿಪೋದಿಂದ, ಅದು ನಿಮಗ ಗೊತ್ತೇ ಅದ. ಆದ್ರ ಪ್ರತಿಯೊಂದು ಲೇಬಲ್ಲೂ ನಮ್ ರಾಜ್ಯದಾಗ ಅಬಕಾರಿ ಇಲಾಖೆಯಿಂದ ಮಂಜೂರ್ ಆಗಿರಬೇಕು, ಅದಕ್ಕ ವೈನರಿಯೋರು ರಾಜ್ಯ ರಾಜ್ಯಕ್ಕೂ ಬ್ಯಾರೆ ಬ್ಯಾರೆ ಫೀಸ್ ಕಟ್ಟಬೇಕು. ಸಣ್ಣ ವೈನರಿಗೋಳು ಗಡಿ ದಾಟಿ ಬರದೇ ಇರೋದಕ್ಕ ದೊಡ್ಡ ಕಾರಣ ಇದೇ. ನಾಸಿಕ್ ಕಡೀಂದು ಒಂದ್ ವೈನ್ ಅಲ್ಲೇ ಕುಡ್ದು ಇಷ್ಟ ಆತಂತ ಇಲ್ಲಿ ಮೆನು ಪ್ರಿಂಟ್ ಮಾಡ್ಸಬ್ಯಾಡ್ರಿ, ಸೊಲ್ಲಾಪುರ ಹತ್ರಾನೇ ಅದ ಅಂತ ಗಾಡಿದಾಗ ಹಾಕ್ಕೊಂಡ್ ಬಂದು ಮಾರೋದಂತೂ ಬ್ಯಾಡೇ ಬ್ಯಾಡ. ಡಿಪೋ ಲಿಸ್ಟ್ ತಗೋರಿ, ಅದರಾಗ ವೈನ್ ಯಾವ್ಯಾವ ಅವ ಗುರ್ತು ಹಾಕ್ರಿ, ಆಮ್ಯಾಲ ವೈನರಿಗಿ ಫೋನ್ ಮಾಡಿ ನಿಮ್ ಮಾಲ್ ಈ ಡಿಪೋಕ್ಕ ಕಳಸ್ತೀರೇನು, ಕಡಿಮಿ ಅಂದ್ರ ಎಷ್ಟು ಕೇಸ್ ಎತ್ತಬೇಕು ಅಂತ ಕೇಳ್ರಿ.

ಎರಡನೇದು ನಿಮ್ ಊಟ. ಖಾರದ ಮುಂದ ಒಗರು ಜಾಸ್ತಿ ಇರೋ ದಪ್ಪ ಕೆಂಪು ವೈನ್ ನಿಲ್ಲಂಗಿಲ್ಲ, ಆಲ್ಕೋಹಾಲ್ ಜಾಸ್ತಿ ಇದ್ದಷ್ಟು ನಾಲಿಗಿ ಮ್ಯಾಲ ಖಾರ ಇನ್ನೂ ಉರೀತದ. ಎಣಗಾಯಿ, ಮಟನ್‌ಗಿ ಸಣ್ಣಗೆ ಸಿಹಿ ಇರೋ ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ಅಥವಾ ತಣ್ಣಗಿನ ರೋಜೆ, ಅಂದ್ರ ಗುಲಾಬಿ ಬಣ್ಣದ ವೈನ್, ಕೊಟ್ಟು ನೋಡ್ರಿ. ಪುಂಡಿಪಲ್ಯ ಹುಳಿ, ಅದಕ್ಕ ವೈನ್‌ದಾಗೂ ಅಷ್ಟೇ ಹುಳಿ ಇರಬೇಕು ಇಲ್ಲಂದ್ರ ವೈನ್ ನೀರ್ನೀರ್ ಅನಸ್ತದ, ಸೊವಿನ್ಯೋನ್ ಬ್ಲಾಂಕ್ ಅನ್ನೋ ಬಿಳಿ ವೈನ್ ಕೂಡ್ತದ. ಕೆಂಪು ಬೇಕಂದ್ರ ಹಗುರ ಇರೋ ಶಿರಾಜ್ ಒಂದು, ಸಾಂಜಿಯೋವೇಸೆ ಸಿಕ್ರ ಒಂದು, ತಹರಿ ಜೊತಿ ನಡೀತದ. ಅಕಲೂಜ್ ಕಡೀ ಫ್ರಾಟೆಲ್ಲಿ ಅನ್ನೋ ವೈನ್ ಕಂಪನಿಯೋರು ಈ ಸಾಂಜಿಯೋವೇಸೆ ದ್ರಾಕ್ಷಿ ಬೆಳೀತಾರ, ಅವರು ಈಗ ಸಣ್ಣೋರಲ್ಲ, ಆದ್ರ ಆ ತೋಟ ಇರೋದು ನಿಮ್ ಪಕ್ಕದ ಸೊಲ್ಲಾಪುರ ಜಿಲ್ಲಾದಾಗ, ಗಿರಾಕಿಗಿ ಹೇಳಾಕ ಅದೂ ಒಂದ್ ಕಥಿನೇ.

ಇಂಪೋರ್ಟೆಡ್ ಕೇಳೋರಿಗಿ ಒಂದ್ ಮಾತು. ನಮ್ ದೇಶದಾಗ ಹೊರಗಿನ ವೈನಿಗಿ ಕಸ್ಟಮ್ಸ್ ಸುಂಕ 150 ಪರ್ಸೆಂಟ್ ತನಕ ಇತ್ತು, ಆಸ್ಟ್ರೇಲಿಯಾ ಜೊತಿ ಒಪ್ಪಂದ ಆದಮ್ಯಾಲ 2022ರ ಡಿಸೆಂಬರ್‌ದಿಂದ ಅವರ ದುಬಾರಿ ಬಾಟ್ಲಿಗೋಳಿಗಿ ಹಂತ ಹಂತವಾಗಿ ಇಳೀಲಕತ್ತದ. ಅಂದ್ರ ಇಂಪೋರ್ಟೆಡ್ ಬಾಟ್ಲಿಗಿ ನೀವು ಕೊಡೋ ರೊಕ್ಕದಾಗ ದೊಡ್ಡ ಪಾಲು ಸುಂಕಕ್ಕೇ ಹೋಗಿರ್ತದ. ನಿಮ್ ರೇಟಿನಾಗ ದೇಶೀ ವೈನೇ ಛಲೋದು ಸಿಗ್ತದ.

ಲೆಕ್ಕ ಹಿಂಗ ಹಾಕ್ರಿ: 750 ಎಂಎಲ್ ಬಾಟ್ಲಿ, ಗ್ಲಾಸಿಗಿ 150 ಎಂಎಲ್, ಐದ್ ಗ್ಲಾಸ್. ನಾಕ್ ಗ್ಲಾಸೇ ಮಾರಾಟ ಆಗ್ತಾವ ಅಂತ ತಿಳ್ಕೊಂಡು ರೇಟ್ ಹಚ್ರಿ, ಐದನೇದು ಉಳದ್ರೂ ಅಣ್ಣಾರಿಗಿ ನಷ್ಟ ಇಲ್ಲ.

ಬೀದರ್_ಕೋಟೆ_ಓಣಿ

ಮ್ಯಾಲಿನ ಅಣ್ಣಾರು ಹೇಳಿದ್ದು ಎಲ್ಲಾ ಖರೇ, ಆದ್ರ ನಮ್ ಕಡೀ ದೊಡ್ಡ ವೈರಿ ಬಿಸಲು, ಅದರ ಬಗ್ಗಿ ಯಾರೂ ಹೇಳಿಲ್ಲಂತ ಬರೀಲಕತ್ತೀನಿ. ನಾ ಬೀದರ್‌ದಾಗ ಒಂದ್ ಕ್ಲಬ್ಬಿನ ಸ್ಟೋರ್ ನೋಡ್ಕೋತಿದ್ದೆ. ಒಮ್ಮಿ ಮೇ ತಿಂಗಳದಾಗ ಮೂರ್ ಕೇಸ್ ಕೆಂಪು ವೈನ್ ತರಿಸಿದ್ವಿ, ಮಟಮಟ ಮಧ್ಯಾಹ್ನದಾಗ ಟೆಂಪೋ ಒಳಗ ತಾಡಪತ್ರಿ ಹೊಚ್ಕೊಂಡು ಬಂತು, ಇಳಿಸ್ಕೊಂಡು ಸ್ಟೋರ್‌ದಾಗ ಹಂಗೇ ನಿಲ್ಸಿದ್ವಿ. ಹದಿನೈದ್ ದಿನಕ್ಕ ನೋಡ್ತೀನಿ, ಕಾರ್ಕ್ ಮ್ಯಾಲಕ್ಕ ಉಬ್ಬಿ ಬಂದಾವ, ಕುತ್ತಿಗಿ ಹತ್ರ ಅಂಟಂಟು, ತೆಗದ್ರ ಕುದಿಸಿದ ಹಣ್ಣಿನ ವಾಸ್ನಿ. 36 ಬಾಟ್ಲಿ. ಅವತ್ತು ನನಗಾದ ಸಂಕಟ ಇವತ್ತಿಗೂ ಮರ್ತಿಲ್ಲ, ಯಾಕಂದ್ರ ಮಾಡಿದಾಂವಂದು ತಪ್ಪಿರ್ಲಿಲ್ಲ, ಇಟ್ಟಿದ್ದು ನಾವು.

ಅದಕ್ಕ ಅಕ್ಕಾರ, ವರ್ಷದ ದೊಡ್ಡ ಖರೀದಿ ನವೆಂಬರ್‌ದಿಂದ ಫೆಬ್ರವರಿ ಒಳಗ ಮುಗಿಸ್ರಿ. ಮಾರ್ಚ್‌ದಿಂದ ಜೂನ್ ತನಕ ವಾರಕ್ಕ ಬೇಕಾದಷ್ಟೇ ತರ್ರಿ, ಮುಂಜಾನೆ ಇಳಿಸ್ಕೋರಿ. ವೈನ್ ಇಡೋದು 12ರಿಂದ 15 ಡಿಗ್ರಿದಾಗ ಅಂತಾರ, ನಿಮ್ಮಲ್ಲಿ ಮೇ ತಿಂಗಳದಾಗ ಹೊರಗ 42 ದಾಟ್ತದ, ಅಡಗಿಮನಿ ಪಕ್ಕದ ಕಪಾಟ ಅಂದ್ರ ಕೇಳೋದೇ ಬ್ಯಾಡ. ದೊಡ್ಡ ವೈನ್ ಕೂಲರ್ ಬ್ಯಾಡ, ಒಂದ್ ಹಳೇ ಬಾಟಲ್ ಫ್ರಿಜ್ ಇದ್ರ ಅದರ ಥರ್ಮೋಸ್ಟಾಟ್ ಪೂರಾ ಕಡಿಮಿ ತಂಪಿಗಿ ಇಟ್ಟು ಸುಮ್ಮನ ವೈನಿಗೇ ಮೀಸಲಿಡ್ರಿ, ಕರೆಂಟ್ ಹೋದ್ರ ಬಾಗ್ಲಾ ತೆಗೀಬ್ಯಾಡ್ರಿ. ಸ್ಕ್ರೂ ಕ್ಯಾಪ್ ಇರೋ ಬಾಟ್ಲಿ ಸಿಕ್ರ ಅದನ್ನೇ ತಗೋರಿ, ಅಗ್ಗದ್ದು ಅಂತ ತಿಳ್ಕೋಬ್ಯಾಡ್ರಿ, ಅರ್ಧ ಉಳದ್ರ ತಿರುಗಿಸಿ ಮುಚ್ಚಿ ಫ್ರಿಜ್‌ದಾಗ ಇಟ್ರ ಎರಡ್ಮೂರ್ ದಿನ ತಡೀತದ. ಕೆಂಪು ವೈನ್ ರೂಮ್ ಟೆಂಪರೇಚರ್‌ದಾಗ ಕೊಡ್ರಿ ಅಂತ ಬರದದ್ದು ತಂಪು ದೇಶದೋರು, ಅವರ ರೂಮ್ 18 ಡಿಗ್ರಿ. ನೀವು ಕೊಡೋಕಿಂತ ಅರ್ಧ ತಾಸು ಮೊದ್ಲು ಫ್ರಿಜ್‌ದಾಗ ಇಡ್ರಿ.

ಇನ್ನೊಂದು, ಆ ಸಿಹಿ ಕೆಂಪು ವೈನ್ ತೆಗೀಬ್ಯಾಡ್ರಿ. ಮೊದಲ ಸಲ ಕುಡಿಯೋರು ಅದನ್ನೇ ಕೇಳ್ತಾರ, ಅವರಿಗಿ ಅವಮಾನ ಆಗಬಾರ್ದು.

ಡೋಣಿ_ಹೊಳಿ_ಅಳಿಯ

ನಾ ಯಾದಗಿರಿಯಾಂವ, ನಮ್ ಮಾವನೋರ ದ್ರಾಕ್ಷಿ ತೋಟ ವಿಜಯಪುರ ಜಿಲ್ಲಾ ತಿಕೋಟಾ ಕಡೀ ಅದ, ಒಂದ್ ಭಾಗ ಮಣೂಕ (ಒಣದ್ರಾಕ್ಷಿ) ಮಾಡ್ತಾರ, ಒಂದ್ ಭಾಗ ವೈನ್ ದ್ರಾಕ್ಷಿ, ವೈನರಿ ಜೊತಿ ಕರಾರು. ಅದಕ್ಕ ತೋಟದ ಕಡೀಂದ ಹೇಳ್ತೀನಿ.

ಸಣ್ಣ ಅಂದ ಕೂಡ್ಲೇ ಛಲೋ ಅಂತ ನಂಬಬ್ಯಾಡ್ರಿ ಅಕ್ಕಾರ. ಬಾಟ್ಲಿ ಹಿಂದಿನ ಲೇಬಲ್ ಓದ್ರಿ, ಬೆಳದೋರು, ಮಾಡಿದೋರು, ತುಂಬಿದೋರು ಒಬ್ಬರೇನಾ, ಇಲ್ಲಾ ಇನ್ನೊಬ್ಬರ ಮಾಲ್ ತಂದು ಹೆಸರು ಅಂಟಿಸ್ಯಾರೋ. ಫ್ರಾನ್ಸ್‌ದಾಗ ಷಾಂಪೇನ್ ಬಾಟ್ಲಿ ಮ್ಯಾಲ ಸಣ್ಣಕ್ಷರದಾಗ ಆರ್‌ಎಂ ಅಂತ ಇದ್ರ ರೈತ ತನ್ನ ದ್ರಾಕ್ಷಿದಿಂದ ತಾನೇ ಮಾಡಿದ್ದು, ಎನ್‌ಎಂ ಇದ್ರ ಹಣ್ಣು ಖರೀದಿ ಮಾಡೋ ದೊಡ್ಡ ಮನಿದು. ನಮ್ಮಲ್ಲಿ ಅಂಥಾ ಗುರ್ತು ಇಲ್ಲ, ಅದಕ್ಕ ಬಾಯ್ಲೇ ಕೇಳಬೇಕು: ಸ್ವಂತ ತೋಟ ಎಷ್ಟು ಎಕರೆ, ಕರಾರಿಂದು ಎಷ್ಟು, ಯಾವ ತಳಿ, ಎಕರೆಗಿ ಎಷ್ಟು ಟನ್ ತೆಗೀತೀರಿ. ಟನ್ ಕೇಳಿದ್ರ ಅರ್ಧ ವಿಷಯ ಗೊತ್ತಾಗ್ತದ, ಯಾಕಂದ್ರ ಗಿಡದ ಮ್ಯಾಲ ಭಾಳ ಗೊಂಚಲ ಬಿಟ್ರ ವೈನ್ ತೆಳ್ಳಗ ಆಗ್ತದ, ತಿನ್ನೋ ದ್ರಾಕ್ಷಿ ಲೆಕ್ಕನೇ ಬ್ಯಾರೆ. ಥಾಮ್ಸನ್ ಸೀಡ್‌ಲೆಸ್ ನಮ್ಮಲ್ಲಿ ತಿನ್ನಾಕ, ಮಣೂಕಕ್ಕ ಛಲೋ, ಅದನ್ನ ಕೂಡ್ಸಿ ಮಾಡಿದ ವೈನ್‌ದಾಗ ಆ ವಾಸ್ನಿ, ಆ ಕಸುವು ಬರಂಗಿಲ್ಲ.

ವರ್ಷಾನೂ ಕೇಳ್ರಿ. ನಮ್ ಕಡೀ ವರ್ಷಕ್ಕ ಎರಡ್ ಸಲ ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೋದು, ಏಪ್ರಿಲ್‌ದಾಗ ಒಂದು, ಸೆಪ್ಟೆಂಬರ್ ಅಕ್ಟೋಬರ್‌ದಾಗ ಹಣ್ಣಿಂದು, ಕೊಯ್ಲು ಜನವರಿಯಿಂದ ಮಾರ್ಚ್. ಬಿಳಿ ವೈನ್ ಆ ಕೊಯ್ಲಿನಿಂದ ಒಂದೆರಡು ವರ್ಷದೊಳಗ ಕುಡೀಬೇಕು. ಹಳೇದಾದಷ್ಟು ಛಲೋ ಅಂತ ಮಂದಿ ಹೇಳ್ತಾರಲ್ಲ, ಈ ರೇಟಿನ ಬಿಳಿ ವೈನಿಗಿ ಅದು ಹೊಂದಂಗಿಲ್ಲ. ರಿಯಾಯ್ತಿ ಅಂತ ನಾಕ್ ವರ್ಷದ ಹಿಂದಿನ ಬಿಳಿ ವೈನ್ ಕೊಡಾಕ ಬಂದ್ರ ಬ್ಯಾಡ ಅನ್ರಿ.

ಸಾಧ್ಯ ಆದ್ರ ಫೆಬ್ರವರಿದಾಗ ಒಂದ್ ವೈನರಿಗಿ ಹೋಗಿ ಬರ್ರಿ. ಹಣ್ಣಿನ ಸಿಹಿ ಮೀಟರ್ ಹಚ್ಚಿ ನೋಡ್ತಾರ, ಸಕ್ಕರಿ ಅಳತಿ 22, 23 ಡಿಗ್ರಿ (ಬ್ರಿಕ್ಸ್ ಅಂತಾರ) ಬಂದಾಗ ರಾತ್ರಿ ಅಥವಾ ನಸುಕಿನ್ಯಾಗ ಕೊಯ್ತಾರ, ಹಣ್ಣು ಬಿಸಿ ಆಗಬಾರ್ದಂತ. ಅಷ್ಟು ಜೋಪಾನ ಮಾಡಿದ ಹಣ್ಣು ಕಡೀಗಿ ನಮ್ ಊರಿನ ಕಪಾಟದಾಗ ಕುದೀಬಾರ್ದು, ಬೀದರ್ ಅಣ್ಣಾರು ಬರದದ್ದು ಓದಿ ನನಗ ಅದೇ ನೆನಪಾತು.

ಪುಂಡಿಪಲ್ಯ_ಕಲಬುರಗಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ, ಅಣ್ಣಗೂ ಓದಿ ಹೇಳ್ದೆ. ಡಿಪೋ ಲಿಸ್ಟ್ ತಂದು ನೋಡಿದ್ರ ನಾ ಮನಸ್ನಾಗ ಇಟ್ಕೊಂಡಿದ್ದ ಮೂರು ಹೆಸರು ಇಲ್ಲವೇ ಇಲ್ಲ. ಇದ್ದದ್ರಾಗ ಐದು ಒಂದೊಂದ್ ಬಾಟ್ಲಿ ತರಿಸಿ, ಕಾಗದ ಸುತ್ತಿ ಹೆಸರು ಕಾಣದಂಗ ಮಾಡಿ, ಸೋಮವಾರ ಮಧ್ಯಾಹ್ನ ನಮ್ ಅಡಗಿ ಭಟ್ಟರು, ಇಬ್ಬರು ವೇಟರ್, ಅಣ್ಣ, ನಾನು ಕುಂತು ಊಟದ ಜೊತಿನೇ ರುಚಿ ನೋಡಿದ್ವಿ. ಬರೇ ವೈನ್ ಕುಡದಾಗ ಎಲ್ಲಾರಿಗೂ ದಪ್ಪ ಕೆಂಪು ವೈನೇ ಛಲೋ ಅನಿಸ್ತು, ಎಣಗಾಯಿ ತಿಂದು ಕುಡದಮ್ಯಾಲ ಅದೇ ವೈನ್ ಕಹಿ ಆತು, ಶೆನಿನ್ ಬ್ಲಾಂಕ್ ಗ್ಲಾಸ್ ಖಾಲಿ ಆತು. ಪುಂಡಿಪಲ್ಯಕ್ಕ ಸೊವಿನ್ಯೋನ್ ಬ್ಲಾಂಕ್, ಇದು ಭಟ್ಟರು ತಾವೇ ಆರಿಸಿದ್ದು, ಹೆಸರು ಗೊತ್ತಿಲ್ಲದೇ.

ಆರು ಬ್ಯಾಡ, ನಾಕರಿಂದ ಶುರು ಮಾಡ್ತೀವಿ, ಸಿಹಿ ಕೆಂಪು ವೈನ್ ಇರ್ತದ. ಹಳೇ ಬಾಟಲ್ ಫ್ರಿಜ್ ಗೋಡೌನ್‌ದಾಗ ಇತ್ತು, ರಿಪೇರಿಗಿ ಕೊಟ್ಟೀನಿ. ಅಳಿಯ ಅಣ್ಣಾರ, ಫೆಬ್ರವರಿದಾಗ ನಿಮ್ ಮಾವನೋರ ತೋಟಕ್ಕ ನಾವು ನಾಕ್ ಮಂದಿ ಬರಬಹುದೇನ್ರಿ, ಭಟ್ಟರೂ ಬರ್ತೀನಿ ಅಂದಾರ, ರೊಟ್ಟಿ ಬುತ್ತಿ ನಾವೇ ಕಟ್ಕೊಂಡ್ ಬರ್ತೀವಿ.